ಆಯ್ಕೆಯನ್ನು ಕೊಟ್ಟು ಕೊಂಡ ಶಾಂತಿ

(ಶ್ರೀಮಠದ ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ನನಗೆ ಗೊತ್ತುಮಾಡಿರುವ ವಿಷಯವು ‘ವ್ಯಕ್ತಿಯ ಆಯ್ಕೆ ಮತ್ತು ಸಮಾಜದ ಸಾಮರಸ್ಯ’ ಎಂಬುದು. ಇದನ್ನು ಶಾಸ್ತ್ರದ ಪರಿಭಾಷೆಯಲ್ಲಿ ಚರ್ಚಿಸುವ ಯೋಗ್ಯತೆ ಈ ಸಭೆಯಲ್ಲಿರುವ ಅನೇಕ ವಿದ್ವಾಂಸರಿಗೆ ಉಂಟು. ನಾನು ಹಿಡಿಯುವ ದಾರಿ ಬೇರೆ. ಇಪ್ಪತ್ತನೆಯ ಶತಮಾನದಲ್ಲಿ ಮೂರು ದೇಶಗಳ ಮೂವರು ಲೇಖಕರು ಬರೆದ ಮೂರು ಕಥಾಗ್ರಂಥಗಳನ್ನು ತಮ್ಮ ಮುಂದಿಟ್ಟು, ಅವುಗಳಲ್ಲಿ ಚಿತ್ರಿತವಾದ ಸಮಾಜಗಳು ಏನನ್ನು ಕೊಟ್ಟು ಏನನ್ನು ಕೊಂಡವು, ಆ ವ್ಯಾಪಾರದಲ್ಲಿ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ವಿಚಾರಮಾಡಬೇಕೆಂದಿದ್ದೇನೆ. ಕಥೆಗಳು ಕಲ್ಪಿತವಾದರೂ ಅವು ಎತ್ತುವ ಪ್ರಶ್ನೆ ನಮ್ಮ ಮನೆಯ ಹೊಸ್ತಿಲಿನ ಒಳಗೇ ಇರುವುದೆಂಬುದು ಕಡೆಯಲ್ಲಿ ತಮಗೆ ತಿಳಿದುಬಂದೀತು.

ಮೊದಲು ಒಂದೆರಡು ಪದಗಳ ವಿಚಾರ. 1516ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ ಎಂಬ ಪಂಡಿತನು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದು, ಸರ್ವರೂ ಸುವ್ಯವಸ್ಥೆಯಿಂದ ಬಾಳುವ ಒಂದು ದ್ವೀಪವನ್ನು ವರ್ಣಿಸಿ, ಅದಕ್ಕೆ ‘ಯುಟೋಪಿಯ’ ಎಂದು ಹೆಸರಿಟ್ಟನು. ಗ್ರೀಕ್ ಮೂಲದ ಈ ಪದಕ್ಕೆ ‘ಎಲ್ಲಿಯೂ ಇಲ್ಲದ ಸ್ಥಳ’ ಎಂದರ್ಥ. ಅಂದಿನಿಂದ ಆದರ್ಶಸಮಾಜದ ಕಲ್ಪನೆಗೆಲ್ಲ ಅದೇ ಹೆಸರು ರೂಢಿಯಾಯಿತು. ಇದಕ್ಕೆ ಪ್ರತಿಯಾದ, ಎಂದರೆ ಬಾಳಲು ಬಾರದಷ್ಟು ಕೆಟ್ಟ ವ್ಯವಸ್ಥೆಯನ್ನು ಸೂಚಿಸುವ ‘ಡಿಸ್ಟೋಪಿಯ’ ಎಂಬ ಮಾತಿನ ಒಂದು ರೂಪವನ್ನು 1868ರಲ್ಲಿ ಜಾನ್ ಸ್ಟೂಅರ್ಟ್ ಮಿಲ್ಲನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಬಳಸಿದನು. ಈ ಎರಡು ಹೆಸರುಗಳು ಪರಸ್ಪರ ವಿರುದ್ಧವಾಗಿ ಕಂಡರೂ, ನಾನು ಹೇಳಲಿರುವ ಮೂರು ಸಮಾಜಗಳಲ್ಲಿಯೂ ಒಂದು ವಿಚಿತ್ರವುಂಟು: ಅಲ್ಲಿ ವಾಸಿಸುವವರು ತಾವು ಆದರ್ಶರಾಜ್ಯದಲ್ಲಿಯೇ ಇರುವೆವೆಂದು ನಂಬಿರುತ್ತಾರೆ. ಹೊರಗೆ ನಿಂತು ಓದುವ ನಮಗೆ ಮಾತ್ರ ಅದು ದುರ್ಗತಿಯೆಂದು ಕಾಣುತ್ತದೆ. ಈ ಭೇದವು ಹೇಗೆ ಉಂಟಾಯಿತೆಂಬುದೇ ನಮ್ಮ ವಿಚಾರದ ತಿರುಳು.

ಸಾಮರಸ್ಯವನ್ನು ಬಯಸುವುದು ತಪ್ಪೆಂದು ನಾನು ಹೇಳುವುದಿಲ್ಲ. ದಾಯಾದಿಗಳ ವ್ಯಾಜ್ಯದಲ್ಲಿ ಎರಡು ತಲೆಮಾರು ಹೊಲಮನೆಗಳನ್ನು ಕಳೆದುಕೊಂಡ ಕುಟುಂಬಗಳನ್ನೂ, ಪಕ್ಷ ಪ್ರತಿಪಕ್ಷಗಳಿಂದ ಒಡೆದು ಜಾತ್ರೆಯ ತೇರನ್ನು ಸಹ ಎಳೆಯಲಾರದೆ ಹೋದ ಊರುಗಳನ್ನೂ ಕಂಡವರಿಗೆ ಶಾಂತಿಯ ಬೆಲೆ ತಿಳಿದೇ ಇರುತ್ತದೆ. ಈ ಕಥೆಗಳ ರಾಜ್ಯಕರ್ತರು ಸಹ ಕೇವಲ ರಾಕ್ಷಸರಲ್ಲ. ಮೊದಲನೆಯ ಕಥೆಯ ರಾಜ್ಯವು ಇನ್ನೂರು ವರ್ಷಗಳ ಯುದ್ಧವಾದ ಮೇಲೆ ಹುಟ್ಟಿತು. ಎರಡನೆಯದು ಒಂಬತ್ತು ವರ್ಷಗಳ ಯುದ್ಧವಾದ ಮೇಲೆ. ಬೆಂದವರು ನೆರಳನ್ನು ಹುಡುಕುವುದು ಸಹಜ. ಆದರೆ ಆ ನೆರಳು ಯಾವ ಮರದ್ದು ಎಂಬುದನ್ನು ನೋಡಿ ಕುಳಿತುಕೊಳ್ಳಬೇಕಷ್ಟೆ.

ಮೊದಲನೆಯ ಗ್ರಂಥವು ರಷ್ಯಾ ದೇಶದ ಯೆವ್ಗೆನಿ ಝಮ್ಯಾಟಿನ್ ಎಂಬಾತನದು. ಅದರ ಹೆಸರು ‘ನಾವು’. ಈತನು ವೃತ್ತಿಯಿಂದ ಹಡಗು ಕಟ್ಟುವ ಇಂಜಿನಿಯರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಹೋಗಿ, ಮಂಜುಗಡ್ಡೆಯನ್ನು ಒಡೆದು ಮುಂದೆ ಸಾಗುವ ರಷ್ಯನ್ ಹಡಗುಗಳ ನಿರ್ಮಾಣದ ಮೇಲ್ವಿಚಾರಣೆಯನ್ನು ನಡೆಸಿದವನು. ಯೌವನದಲ್ಲಿ ಕ್ರಾಂತಿಪಕ್ಷವನ್ನು ಸೇರಿ ಝಾರ್ ದೊರೆಯ ಸೆರೆಮನೆಯನ್ನು ಕಂಡನು. ಕ್ರಾಂತಿಯು ಗೆದ್ದ ಮೇಲೆ ಅದೇ ಕ್ರಾಂತಿಯ ಸರಕಾರದ ಸೆರೆಮನೆಯನ್ನೂ ಕಂಡನು. 1920–21ರಲ್ಲಿ ರಚಿತವಾದ ಅವನ ಗ್ರಂಥವು ಸ್ವದೇಶದಲ್ಲಿ ಅಚ್ಚಾಗಲಿಲ್ಲ. 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಅನುವಾದವಾಗಿ ಮೊದಲು ಬೆಳಕನ್ನು ಕಂಡಿತು. 1931ರಲ್ಲಿ ಆತನು ಸ್ಟಾಲಿನ್ನನಿಗೆ ಪತ್ರ ಬರೆದು, ದೇಶವನ್ನು ಬಿಟ್ಟುಹೋಗಲು ಅನುಮತಿಯನ್ನು ಪಡೆದು, 1937ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಅವನ ಸ್ವಂತ ನಾಡಿನಲ್ಲಿ ಆ ಪುಸ್ತಕವು ಪ್ರಕಟವಾದದ್ದು 1988ರಲ್ಲಿ. ಒಂದು ಪುಸ್ತಕವು ತನ್ನ ತವರಿಗೆ ಬರಲು ಅರವತ್ತು ವರ್ಷಕ್ಕೂ ಮೀರಿ ಕಾದಿತೆಂದರೆ ಅದರಲ್ಲಿ ಹೇಳಿದ ಮಾತು ಎಷ್ಟು ನಾಟುವಂಥದೆಂಬುದನ್ನು ತಾವೇ ಊಹಿಸಬಹುದು.

ಅವನು ವರ್ಣಿಸುವ ‘ಏಕರಾಜ್ಯ’ದಲ್ಲಿ ಮನುಷ್ಯರಿಗೆ ಹೆಸರುಗಳಿಲ್ಲ, ಅಂಕೆಗಳುಂಟು. ಕಥಾನಾಯಕನು ‘ಡಿ–503’. ಮನೆಯ ಗೋಡೆಗಳೆಲ್ಲ ಗಾಜಿನವು. ಅನುಮತಿಯ ಚೀಟಿಯುಳ್ಳವರು ಗೊತ್ತಾದ ಹೊತ್ತಿನಲ್ಲಿ ಮಾತ್ರ ತೆರೆಯನ್ನು ಇಳಿಸಿಕೊಳ್ಳಬಹುದು. ಕಾಲಪಟ್ಟಿಯೊಂದರ ಪ್ರಕಾರ ಲಕ್ಷಾಂತರ ಜನರು ಒಂದೇ ನಿಮಿಷದಲ್ಲಿ ಏಳುವರು, ಒಂದೇ ನಿಮಿಷದಲ್ಲಿ ಚಮಚವನ್ನು ಬಾಯಿಗೆ ಎತ್ತುವರು. ಪ್ರತಿಯೊಂದು ತುತ್ತನ್ನೂ ಐವತ್ತು ಸಲ ಅಗಿಯಬೇಕೆಂಬುದು ಕಾನೂನು. ನಗರದ ಸುತ್ತಲೂ ‘ಹಸಿರು ಗೋಡೆ’, ಅದರಾಚೆ ಕಾಡು. ವರ್ಷಕ್ಕೊಮ್ಮೆ ‘ಒಮ್ಮತದ ದಿನ’ವೆಂಬ ಹಬ್ಬವನ್ನು ಆಚರಿಸಿ, ‘ಉಪಕಾರಿ’ಯೆಂಬ ಬಿರುದುಳ್ಳ ಅಧಿಪತಿಯನ್ನೇ ಮತ್ತೆ ಆರಿಸುವರು. ಕಥೆಯ ನಡುವೆ ಒಂದು ವರ್ಷ ಸಾವಿರಾರು ಕೈಗಳು ವಿರೋಧವಾಗಿ ಮೇಲೇಳುತ್ತವೆ. ಮರುದಿನದ ಪತ್ರಿಕೆಯಾದರೋ ಅಧಿಪತಿಯು ಈ ಸಲವೂ ಸರ್ವಾನುಮತದಿಂದ ಆರಿಸಲ್ಪಟ್ಟನೆಂದೇ ಸಾರುತ್ತದೆ; ವಿರೋಧಿಸಿದವರು ಸುಖದ ಶತ್ರುಗಳಾದುದರಿಂದ ಅವರ ಕೈಗಳು ಲೆಕ್ಕಕ್ಕೆ ಬಾರವು. ಒಮ್ಮತವೇ ಗುರಿಯಾದಲ್ಲಿ ಭಿನ್ನಮತವನ್ನು ಉತ್ತರದಿಂದ ಗೆಲ್ಲುವ ಕಷ್ಟವೇ ಇಲ್ಲ. ಎಣಿಕೆಯಿಂದ ಕೈಬಿಟ್ಟರೆ ಸಾಕು.

ಕಡೆಗೆ ಆ ರಾಜ್ಯದ ವೈದ್ಯರು ಮನುಷ್ಯನ ಮಿದುಳಿನಲ್ಲಿ ಕಲ್ಪನಾಶಕ್ತಿಯಿರುವ ಸ್ಥಾನವನ್ನು ಕಂಡುಹಿಡಿದು, ಕಿರಣಗಳಿಂದ ಅದನ್ನು ಸುಟ್ಟುಬಿಡುವ ಚಿಕಿತ್ಸೆಯನ್ನು ಎಲ್ಲರಿಗೂ ವಿಧಿಸುತ್ತಾರೆ. ಡಿ–503ನು ‘ಐ–330’ ಎಂಬ ಸ್ತ್ರೀಯನ್ನು ಪ್ರೀತಿಸಿ, ಆಕೆಯ ಮೂಲಕ ಗೋಡೆಯ ಆಚೆಯ ಲೋಕವನ್ನು ಕಂಡವನು. ಅವನನ್ನೂ ಹಿಡಿದು ಈ ಚಿಕಿತ್ಸೆಗೆ ಒಳಪಡಿಸುತ್ತಾರೆ. ಬಳಿಕ ಆತನು ತಾನಾಗಿಯೇ ಅಧಿಪತಿಯ ಬಳಿಗೆ ಹೋಗಿ ಎಲ್ಲವನ್ನೂ ಒಪ್ಪಿಸುತ್ತಾನೆ. ತಾನು ಪ್ರೀತಿಸಿದವಳನ್ನು ಹಿಂಸಿಸುವಾಗ ಎದುರಿಗೆ ಕುಳಿತು ಶಾಂತಚಿತ್ತನಾಗಿ ನೋಡುತ್ತಾನೆ. ಅವನ ಮನಸ್ಸಿನಲ್ಲಿ ಆಗ ಯಾವ ಕಲಹವೂ ಇಲ್ಲ. ಇಂಥ ಶಾಂತಿಯನ್ನು ಶಾಂತಿಯೆನ್ನೋಣವೇ ಎಂದು ಲೇಖಕನು ಬಾಯಿಬಿಟ್ಟು ಕೇಳುವುದಿಲ್ಲ, ಓದುಗನೇ ಕೇಳಿಕೊಳ್ಳುತ್ತಾನೆ.

ಎರಡನೆಯ ಗ್ರಂಥವು ಇಂಗ್ಲೆಂಡಿನ ಆಲ್ಡಸ್ ಹಕ್ಸ್‌ಲಿಯದು. ‘ಬ್ರೇವ್ ನ್ಯೂ ವರ್ಲ್ಡ್’ ಎಂಬ ಹೆಸರಿನಿಂದ 1932ರಲ್ಲಿ ಪ್ರಕಟವಾಯಿತು. ಝಮ್ಯಾಟಿನ್ನನ ರಾಜ್ಯದಲ್ಲಿ ಭಯವು ಕಾವಲುಗಾರನಾದರೆ ಹಕ್ಸ್‌ಲಿಯ ರಾಜ್ಯದಲ್ಲಿ ಸುಖವೇ ಕಾವಲುಗಾರ. ಅಲ್ಲಿ ತಾಯಿಯಿಲ್ಲ, ತಂದೆಯಿಲ್ಲ. ಶಿಶುಗಳು ಕಾರ್ಖಾನೆಯ ಗಾಜಿನ ಸೀಸೆಗಳಲ್ಲಿ ಬೆಳೆಯುತ್ತವೆ. ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ, ಎಪ್ಸಿಲಾನ್ ಎಂಬ ಐದು ವರ್ಗಗಳು ಜನನಕ್ಕೆ ಮೊದಲೇ ನಿರ್ಣಯವಾಗುತ್ತವೆ. ಡೆಲ್ಟಾ ವರ್ಗದ ಎಂಟು ತಿಂಗಳ ಕೂಸುಗಳ ಮುಂದೆ ಪುಸ್ತಕಗಳನ್ನೂ ಹೂಗಳನ್ನೂ ಇಟ್ಟು, ಅವು ಅಂಬೆಗಾಲಿಟ್ಟು ಹೋಗಿ ಮುಟ್ಟಿದೊಡನೆಯೇ ಕರ್ಕಶ ಶಬ್ದವನ್ನೂ ವಿದ್ಯುತ್ತಿನ ಆಘಾತವನ್ನೂ ಉಂಟುಮಾಡುತ್ತಾರೆ. ದೊಡ್ಡವರಾದ ಮೇಲೆ ಅವರು ಪುಸ್ತಕವನ್ನು ಕೇಳುವುದಿಲ್ಲ. ಕೇಳಬೇಕೆಂಬ ಆಸೆಯೇ ಅವರಲ್ಲಿ ಉಳಿದಿರುವುದಿಲ್ಲ. ತಮ್ಮ ವರ್ಗವೇ ಮೇಲೆಂಬ ಮಾತನ್ನು ಮಕ್ಕಳು ನಿದ್ರಿಸುವಾಗ ಕಿವಿಯ ಬಳಿ ಸಾವಿರಾರು ಸಲ ಉಸುರುತ್ತಾರೆ. ಇಷ್ಟಾಗಿಯೂ ಮನಸ್ಸಿಗೆ ಬೇಸರ ತೋರಿದರೆ ‘ಸೋಮ’ವೆಂಬ ಗುಳಿಗೆಯುಂಟು, ನಮ್ಮ ವೇದಕಾಲದ ಸೋಮರಸದ ಹೆಸರನ್ನೇ ಲೇಖಕನು ಆ ಮಾದಕದ್ರವ್ಯಕ್ಕೆ ಇಟ್ಟಿದ್ದಾನೆ.

ಈ ಗ್ರಂಥದಲ್ಲಿ ರಾಜ್ಯನಿಯಾಮಕನಾದ ಮುಸ್ತಫಾ ಮಾಂಡ್ ಎಂಬವನು ತನ್ನ ಪಕ್ಷವನ್ನು ಬಹು ಸಮರ್ಥವಾಗಿ ವಾದಿಸುತ್ತಾನೆ. ಆತನು ಒಂದು ಪ್ರಯೋಗದ ಕಥೆಯನ್ನು ಹೇಳುವನು. ಸೈಪ್ರಸ್ ದ್ವೀಪದಲ್ಲಿ ಇಪ್ಪತ್ತೆರಡು ಸಾವಿರ ಮಂದಿ ಆಲ್ಫಾಗಳನ್ನು ಮಾತ್ರ ನೆಲೆಗೊಳಿಸಿ, ಅವರ ವ್ಯವಹಾರವನ್ನು ಅವರಿಗೇ ಬಿಟ್ಟುಕೊಡಲಾಯಿತಂತೆ. ಕೀಳು ಕೆಲಸವನ್ನು ಯಾರೂ ಒಲ್ಲದೆ, ಎಲ್ಲರೂ ಮೇಲಿನ ಕೆಲಸಕ್ಕೆ ಹೊಂಚುಹಾಕಿ, ಆರು ವರ್ಷದೊಳಗೆ ಅಂತರ್ಯುದ್ಧವು ನಡೆದು, ಹತ್ತೊಂಬತ್ತು ಸಾವಿರ ಜನರು ಸತ್ತರಂತೆ. ಉಳಿದವರು ತಮ್ಮನ್ನು ಮತ್ತೆ ಆಳಬೇಕೆಂದು ಬೇಡಿಕೊಂಡರಂತೆ. ಆಯ್ಕೆಯನ್ನು ಕೊಟ್ಟರೆ ಗತಿ ಇದು ಎಂಬುದು ಅವನ ವಾದ. ಮೇಲೆ ನೋಡಿದರೆ ಇದು ಬಲವಾದದ್ದೇ. ಆದರೆ ಆ ಇಪ್ಪತ್ತೆರಡು ಸಾವಿರ ಜನರನ್ನು ಸೀಸೆಯಲ್ಲಿದ್ದಾಗಿನಿಂದಲೂ ‘ನೀವೇ ಮೇಲಿನವರು, ಕೀಳು ಕೆಲಸ ನಿಮ್ಮದಲ್ಲ’ ಎಂದು ತರಬೇತು ಮಾಡಿದವರು ಯಾರು? ಆ ರಾಜ್ಯವೇ ಅಲ್ಲವೇ? ಕೈಕಾಲುಗಳನ್ನು ಕಟ್ಟಿ ಬೆಳೆಸಿದ ಮಗುವು ಬಿಚ್ಚಿದ ಕೂಡಲೇ ಓಡದೆ ಬಿದ್ದರೆ, ಅದಕ್ಕೆ ನಡೆಯುವ ಯೋಗ್ಯತೆಯೇ ಇಲ್ಲವೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಈ ಮಾಂಡನು ಹಿಂದೆ ಒಬ್ಬ ಭೌತಶಾಸ್ತ್ರಜ್ಞನಾಗಿದ್ದನು. ನಿಷಿದ್ಧವಾದ ಸಂಶೋಧನೆಯಲ್ಲಿ ಸಿಕ್ಕಿಬಿದ್ದಾಗ, ದೂರದ ದ್ವೀಪಕ್ಕೆ ಹೋಗುವೆಯೋ, ನಿಯಾಮಕರ ಮಂಡಲಿಯ ಕಡೆಗೆ ಬರುವೆಯೋ ಎಂದು ಅವನನ್ನು ಕೇಳಲಾಯಿತು. ಎಂದರೆ, ಯಾರಿಗೂ ಇಲ್ಲದ ಆಯ್ಕೆ ಅವನಿಗಿತ್ತು! ಜನರಿಗೆ ನಿಷೇಧಿಸಿದ ಪ್ರಾಚೀನ ಗ್ರಂಥಗಳು ಅವನ ತಿಜೋರಿಯಲ್ಲಿ ಭದ್ರವಾಗಿರುತ್ತವೆ. ತಾನು ಓದುತ್ತಾನೆ, ಇತರರು ಓದದಂತೆ ನೋಡಿಕೊಳ್ಳುತ್ತಾನೆ. ಆದುದರಿಂದ ಆಯ್ಕೆಯನ್ನು ಸಮಾಜವು ತೊರೆದುಬಿಟ್ಟಿತೆಂಬ ಮಾತೇ ಸರಿಯಲ್ಲ. ಅದು ಹಲವರ ಕೈಯಿಂದ ಕೆಲವರ ಕೈಗೆ ಹೋಯಿತೆಂದು ಹೇಳಬೇಕು.

ಮೂರನೆಯ ಗ್ರಂಥವೇ ಇಂದಿನ ನನ್ನ ಮುಖ್ಯ ಆಧಾರ. ಅಮೆರಿಕದ ಲೋಯಿಸ್ ಲೌರಿ ಎಂಬ ಲೇಖಕಿಯು 1993ರಲ್ಲಿ ಬಾಲಕ ಬಾಲಿಕೆಯರಿಗಾಗಿ ಬರೆದ ‘ದಿ ಗಿವರ್’, ಎಂದರೆ ‘ಕೊಡುವವನು’, ಎಂಬ ಕಥೆಯದು. 1994ರಲ್ಲಿ ಇದಕ್ಕೆ ಮಕ್ಕಳ ಸಾಹಿತ್ಯಕ್ಕಾಗಿ ಅಲ್ಲಿ ಕೊಡುವ ನ್ಯೂಬೆರಿ ಪದಕವು ದೊರಕಿತು. ಆ ಸಂದರ್ಭದ ಭಾಷಣದಲ್ಲಿ ಲೇಖಕಿಯು ತನ್ನ ಬಾಲ್ಯವನ್ನು ನೆನೆದಳು. ಎರಡನೆಯ ಮಹಾಯುದ್ಧವಾದ ಮೇಲೆ ಆಕೆಯ ತಂದೆ ಟೋಕಿಯೋ ನಗರದಲ್ಲಿ ಸೈನ್ಯದ ಅಧಿಕಾರಿಯಾಗಿದ್ದನು. ಅಮೆರಿಕನ್ನರಿಗಾಗಿ ಬೇಲಿ ಹಾಕಿದ ಪ್ರತ್ಯೇಕ ಬಡಾವಣೆಯಲ್ಲಿ, ಎಲ್ಲವೂ ತಮ್ಮ ದೇಶದಂತೆಯೇ ಇರುವ ಮನೆಯಲ್ಲಿ, ಆ ಕುಟುಂಬವು ವಾಸವಾಗಿತ್ತು. ಹನ್ನೊಂದು ಹನ್ನೆರಡು ವರ್ಷದ ಆ ಹುಡುಗಿಯು ಸೈಕಲ್ಲನ್ನೇರಿ ಬೇಲಿಯ ಬಾಗಿಲನ್ನು ದಾಟಿ, ಜಪಾನೀಯರ ಬೀದಿಗಳ ಬಣ್ಣ, ಸದ್ದು, ವಾಸನೆಗಳ ನಡುವೆ ಅಲೆಯುತ್ತಿದ್ದಳಂತೆ. ಸುರಕ್ಷಿತವಾದ ಬೇಲಿಯನ್ನೂ, ಅದರಾಚೆಯ ಲೋಕದ ಆಕರ್ಷಣೆಯನ್ನೂ ಆಕೆಯು ಬಾಲ್ಯದಲ್ಲಿಯೇ ಅರಿತಿದ್ದಳೆಂಬುದಕ್ಕೆ ಇಷ್ಟು ಸಾಕು.

ಆಕೆಯ ಕಥೆಯ ಸಮುದಾಯದಲ್ಲಿ ಹಸಿವಿಲ್ಲ, ಯುದ್ಧವಿಲ್ಲ, ಒರಟು ಮಾತೂ ಇಲ್ಲ. ತಪ್ಪು ಮಾಡಿದವನು ಗೊತ್ತಾದ ಮಾತಿನಲ್ಲಿ ಕ್ಷಮೆ ಬೇಡುವನು. ಕೇಳಿದವರು ಗೊತ್ತಾದ ಮಾತಿನಲ್ಲಿ ಕ್ಷಮಿಸುವರು. ಹಿರಿಯರ ಸಮಿತಿಯು ಗಂಡಹೆಂಡಿರನ್ನು ಹೊಂದಿಸುವುದು. ಪ್ರತಿ ಮನೆಗೂ ಒಂದು ಗಂಡು, ಒಂದು ಹೆಣ್ಣು, ಹೀಗೆ ಎರಡೇ ಮಕ್ಕಳನ್ನು ಕೊಡುವುದು. ಹನ್ನೆರಡನೆಯ ವರ್ಷದಲ್ಲಿ ಪ್ರತಿ ಮಗುವಿಗೂ ಬಾಳಿನ ಉದ್ಯೋಗವನ್ನು ಅದೇ ಸಮಿತಿಯು ಗೊತ್ತುಮಾಡುವುದು. ಯೌವನದ ಮೊದಲ ಭಾವವು ತಲೆದೋರಿದ ದಿನದಿಂದ ಅದನ್ನಡಗಿಸಲು ನಿತ್ಯವೂ ಗುಳಿಗೆ. ಈ ವ್ಯವಸ್ಥೆಗೆ ಅವರಿಟ್ಟ ಹೆಸರು ‘ಏಕರೂಪತೆ’. ಅದಕ್ಕಾಗಿ ಗುಡ್ಡಗಳನ್ನು ಸಮ ಮಾಡಿದರು, ಹವೆಯನ್ನು ಹಿಡಿತಕ್ಕೆ ತಂದರು, ಕಡೆಗೆ ಬಣ್ಣಗಳನ್ನು ಕಾಣುವ ಶಕ್ತಿಯನ್ನೂ ಬಿಟ್ಟುಕೊಟ್ಟರು.

ಆದರೆ ಹಿಂದಿನ ಲೋಕದ ನೆನಪುಗಳನ್ನು ಪೂರ್ತಿಯಾಗಿ ಅಳಿಸಲು ಅವರಿಂದಾಗಲಿಲ್ಲ. ಯುದ್ಧ, ಹಸಿವು, ಸಾವು, ಪ್ರೀತಿ, ಹಬ್ಬ, ಹಿಮ, ಬಿಸಿಲು ಇವುಗಳ ನೆನಪೆಲ್ಲವನ್ನೂ ಒಬ್ಬನೇ ವ್ಯಕ್ತಿಯು ಹೊತ್ತಿರಬೇಕು. ಅವನಿಗೆ ‘ಸ್ವೀಕರಿಸುವವನು’ ಎಂದು ಹೆಸರು. ಆ ಸ್ಥಾನಕ್ಕೆ ಮುಂದೆ ಬರಲು ಜೋನಸ್ ಎಂಬ ಹನ್ನೆರಡು ವರ್ಷದ ಬಾಲಕನನ್ನು ಆರಿಸುತ್ತಾರೆ. ವೃದ್ಧನು ತನ್ನ ನೆನಪುಗಳನ್ನು ಒಂದೊಂದಾಗಿ ಅವನಿಗೆ ವರ್ಗಾಯಿಸುತ್ತ ಹೋಗುತ್ತಾನೆ.

ಈ ವೃದ್ಧನಿಂದ ಸಮುದಾಯಕ್ಕೇನು ಪ್ರಯೋಜನ? ಒಮ್ಮೆ ಕೂಲಿಗಳ ಸಂಖ್ಯೆಯನ್ನು ಹೆಚ್ಚಿಸಲು, ಹೆರುವ ಕೆಲಸಕ್ಕೆ ನೇಮಕವಾದ ಪ್ರತಿ ಸ್ತ್ರೀಯೂ ಮೂರರ ಬದಲು ನಾಲ್ಕು ಮಕ್ಕಳನ್ನು ಹೆರಲೆಂದು ಜನರು ಕೇಳಿದರು. ಹಿರಿಯರು ವೃದ್ಧನ ಸಲಹೆಯನ್ನು ಬೇಡಿದರು. ಅವನಿಗೆ ಶತಮಾನಗಳ ಹಿಂದಿನ ಹಸಿವಿನ ನೆನಪು ಬಂದಿತು, ಬೇಡವೆಂದನು. ಏಕೆ ಬೇಡವೆಂಬುದನ್ನು ಅವರು ತಿಳಿಯಲು ಇಚ್ಛಿಸಲಿಲ್ಲ. ಅವನು ಹೇಳಿದುದು ಅವರಿಗೆ ಸಾಕಾಯಿತು. ವಿವೇಕವು ಬೇಕು, ವಿವೇಕವನ್ನು ಕೊಡುವ ನೋವು ಮಾತ್ರ ಇನ್ನೊಬ್ಬನ ಮೈಯಲ್ಲಿರಲಿ: ಇದು ಆ ಸಮುದಾಯದ ಏರ್ಪಾಡು. ಹತ್ತು ವರ್ಷಗಳ ಹಿಂದೆ ಇದೇ ಸ್ಥಾನಕ್ಕೆ ಆರಿಸಲ್ಪಟ್ಟ ಹುಡುಗಿಯೊಬ್ಬಳು ಆ ಭಾರವನ್ನು ತಾಳಲಾರದೆ, ಐದೇ ವಾರಗಳಲ್ಲಿ ಮರಣವನ್ನು ಬೇಡಿ ಪಡೆದಳು. ಆಕೆ ಹೊತ್ತಿದ್ದ ನೆನಪುಗಳು ಜನರ ಮೇಲೆ ತಿರುಗಿ ಬಂದಾಗ ಅವರು ಕಂಗೆಟ್ಟುಹೋದರು. ಆಮೇಲೆ ಅವರು ಮಾಡಿದ್ದೇನು? ಆ ಹುಡುಗಿಯ ಹೆಸರನ್ನು ಮತ್ತೆ ಯಾರೂ ಉಚ್ಚರಿಸಬಾರದೆಂದರು.

ಇನ್ನು ಈ ಕಥೆಯ ಎದೆಯಂತಿರುವ ಪ್ರಸಂಗವನ್ನು ಹೇಳುತ್ತೇನೆ. ಆ ಊರಿನಲ್ಲಿ ‘ಬಿಡುಗಡೆ’ಯೆಂಬ ಒಂದು ಮಾತುಂಟು. ಮುದುಕರಿಗೂ, ಸರಿಯಾಗಿ ಬೆಳೆಯದ ಕೂಸುಗಳಿಗೂ, ಮೂರು ಸಲ ನಿಯಮವನ್ನು ಮುರಿದವರಿಗೂ ಬಿಡುಗಡೆಯಾಗುತ್ತದೆ. ಎಲ್ಲಿಗೆ ಹೋದರೆಂದು ಯಾರೂ ಕೇಳುವುದಿಲ್ಲ. ‘ಆಚೆಗೆ’ ಹೋದರೆಂದು ತಿಳಿದಿರುತ್ತಾರೆ. ಜೋನಸನ ತಂದೆಯು ಶಿಶುಪಾಲನೆಯ ಉದ್ಯೋಗದವನು, ಬಹಳ ಮೃದುಸ್ವಭಾವದವನು, ಕೂಸುಗಳೊಡನೆ ತೊದಲು ಮಾತನಾಡುವವನು. ಒಂದು ದಿನ ಅವಳಿ ಶಿಶುಗಳು ಹುಟ್ಟಿದವು. ಒಂದೇ ರೂಪದ ಇಬ್ಬರು ಇರಬಾರದೆಂಬುದು ಅಲ್ಲಿಯ ನಿಯಮ. ತಂದೆಯು ಎರಡನ್ನೂ ತೂಗಿ, ಕಡಿಮೆ ತೂಕದ ಕೂಸಿಗೆ ಸೂಜಿಯಿಂದ ವಿಷವನ್ನು ಚುಚ್ಚಿ, ಅದು ನಿಶ್ಚಲವಾದ ಮೇಲೆ ಪೆಟ್ಟಿಗೆಯಲ್ಲಿಟ್ಟು, ಕಸದ ಕೊಳವೆಯಂತಹ ಒಂದು ದಾರಿಗೆ ನೂಕಿ, ಮುದ್ದುದನಿಯಲ್ಲಿ ಹೋಗಿಬಾ ಎನ್ನುತ್ತಾನೆ. ಅದರ ಚಿತ್ರವನ್ನು ಜೋನಸನು ವೃದ್ಧನ ಕೋಣೆಯಲ್ಲಿ ಕುಳಿತು ನೋಡುತ್ತಾನೆ.

ಮಹನೀಯರೇ, ಆ ತಂದೆಯಲ್ಲಿ ಕ್ರೌರ್ಯವಿಲ್ಲ, ಭಯಾನಕವಾದುದು ಇದೇ. ಕ್ರೂರನಾದವನಿಗೆ ತಾನು ಮಾಡುವುದೇನೆಂದು ತಿಳಿದಿರುತ್ತದೆ. ಇವನಿಗೆ ತಿಳಿಯದು. ಆಯ್ಕೆಯೇ ಇಲ್ಲದೆ ಬೆಳೆದವನಿಗೆ ಬೇರೊಂದು ಮಾಡಬಹುದಾಗಿತ್ತೆಂಬ ಭಾವವೇ ಹುಟ್ಟದು. ಆ ಭಾವವಿಲ್ಲದಲ್ಲಿ ಪಶ್ಚಾತ್ತಾಪಕ್ಕೂ ಕರುಣೆಗೂ ಎಡೆಯಿಲ್ಲ. ಆಯ್ಕೆಯನ್ನು ಕಳೆದುಕೊಂಡರೆ ಇಷ್ಟವಾದ ಬಟ್ಟೆ, ಇಷ್ಟವಾದ ಕೆಲಸ, ಇಷ್ಟವಾದ ಸಂಗಾತಿ ಇವು ಮಾತ್ರ ಹೋದುವೆಂದು ನಾವು ಎಣಿಸುತ್ತೇವೆ. ಅವು ಹೋಗುವುದು ನಿಜ. ಆದರೆ ಅವುಗಳಿಗಿಂತ ದೊಡ್ಡದೊಂದು ಹೋಗುತ್ತದೆ. ಅನ್ಯಾಯವನ್ನು ಅನ್ಯಾಯವೆಂದು ಕಾಣುವ ಕಣ್ಣು ಹೋಗುತ್ತದೆ. ಊರಿನಲ್ಲಿ ಜಗಳವಿಲ್ಲದಿರುವುದಕ್ಕೆ ಅನ್ಯಾಯವಿಲ್ಲದಿರುವುದು ಕಾರಣವಾಗಿರಬಹುದು; ಅನ್ಯಾಯವನ್ನು ಕಾಣುವವರೇ ಇಲ್ಲದಿರುವುದೂ ಕಾರಣವಾಗಿರಬಹುದು. ಹೊರಗಿನಿಂದ ನೋಡಿದರೆ ಎರಡು ಊರುಗಳೂ ಒಂದೇ ತೆರನಾಗಿ ನಿಶ್ಶಬ್ದವಾಗಿರುತ್ತವೆ.

ಬಾಲಕ ಜೋನಸನು ಮೊದಮೊದಲು ಆಯ್ಕೆಯನ್ನು ಬಯಸಿದರೂ ಕೂಡಲೇ ಅಂಜುತ್ತಾನೆಂಬುದನ್ನು ಲೇಖಕಿಯು ಮರೆಮಾಚಿಲ್ಲ. ಬಟ್ಟೆಯ ಬಣ್ಣವನ್ನು ತಾನೇ ಆರಿಸುವಂತಿದ್ದರೆ ಎಷ್ಟು ಚೆನ್ನೆನ್ನುವನು. ಹಾಗಾದರೆ ಸಂಗಾತಿಯನ್ನೂ ತಾವೇ ಆರಿಸಿ ತಪ್ಪಿಬಿದ್ದರೆ ಏನು ಗತಿ, ಉದ್ಯೋಗವನ್ನು ತಾವೇ ಆರಿಸಿ ತಪ್ಪಿದರೆ ಏನು ಗತಿ ಎಂದು ತಾನೇ ಗಾಬರಿಗೊಳ್ಳುವನು. ಈ ಗಾಬರಿಯು ನಿಜವಾದದ್ದು. ತಪ್ಪು ಆಯ್ಕೆಯಿಂದ ಬಾಳು ಕೆಟ್ಟವರು ನಮ್ಮಲ್ಲಿಯೂ ಉಂಟು. ಆದರೆ ಒಬ್ಬನು ತನ್ನ ಆಯ್ಕೆಯಲ್ಲಿ ತಪ್ಪಿದರೆ ಅದು ಕಣ್ಣಿಗೆ ಕಾಣುವ ತಪ್ಪು, ತಿದ್ದಿಕೊಳ್ಳಲು ಅವಕಾಶವುಂಟು. ಯಾರಿಗೂ ಆಯ್ಕೆಯಿಲ್ಲದ ಸಮಾಜದಲ್ಲಿ ಸಮಿತಿಯೇ ತಪ್ಪಿದರೆ ಅದನ್ನು ತಪ್ಪೆಂದು ಹೇಳುವ ನಾಲಿಗೆ ಎಲ್ಲಿಂದ ಬರಬೇಕು?

ಈಗ ತಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಆಕ್ಷೇಪಣೆ ಹುಟ್ಟಿರಬಹುದು. ‘ನೀವು ಈ ಮಾತನ್ನು ಮಠದ ಅಂಗಳದಲ್ಲಿ ನಿಂತು ಆಡುತ್ತಿರುವಿರಿ. ಇಲ್ಲಿಯೂ ಗಂಟೆಯ ನಾದಕ್ಕೆ ಏಳುತ್ತಾರೆ, ಪಂಕ್ತಿಯಲ್ಲಿ ಕುಳಿತು ಒಂದೇ ಅಡುಗೆಯನ್ನು ಉಣ್ಣುತ್ತಾರೆ, ನಿಯಮಕ್ಕೆ ತಲೆಬಾಗುತ್ತಾರೆ. ಇದಕ್ಕೂ ಆ ಕಾಲಪಟ್ಟಿಗೂ ಏನು ಭೇದ?’ ಆಕ್ಷೇಪಣೆಯು ಯುಕ್ತವಾದುದೇ. ಉತ್ತರವನ್ನು ಮೂರು ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ವ್ರತವೆಂಬುದು ಆಯ್ಕೆಯ ಅಭಾವವಲ್ಲ. ಏನನ್ನು ಬಿಡುತ್ತಿರುವೆನೆಂದು ತಿಳಿದು ಬಿಟ್ಟವನು ತ್ಯಾಗಿ. ಏನಿತ್ತೆಂಬುದೇ ತಿಳಿಯದಂತೆ ಬಿಡಿಸಲ್ಪಟ್ಟವನು ಕೇವಲ ವಂಚಿತನು. ಎರಡನೆಯದಾಗಿ, ಒಳ್ಳೆಯ ನಿಯಮವು ‘ಏಕೆ’ ಎಂಬ ಪ್ರಶ್ನೆಗೆ ಅಂಜುವುದಿಲ್ಲ; ಕೇಳಿದ ಶಿಷ್ಯನಿಗೆ ಕಾರಣವನ್ನು ಹೇಳುತ್ತದೆ, ಕಾರಣವು ಹೋದರೆ ತಾನೂ ಬದಲಾಗುತ್ತದೆ. ಮೂರನೆಯದಾಗಿ, ಒಳ್ಳೆಯ ಮನೆಗೆ ಒಳಬರುವ ಬಾಗಿಲಿನಂತೆಯೇ ಹೊರಹೋಗುವ ಬಾಗಿಲೂ ಇರುತ್ತದೆ. ಹೊರಟವನನ್ನು ಅಲ್ಲಿ ಹಗೆಯೆಂದು ಎಣಿಸುವುದಿಲ್ಲ. ಈ ಮೂರೂ ಇದ್ದಲ್ಲಿ ನಿಯಮವು ಎಷ್ಟು ಕಠಿನವಾದರೂ ಅದು ಸೆರೆಯಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ, ಸಂಸ್ಥೆಯು ಎಷ್ಟು ಪವಿತ್ರವಾಗಿರಲಿ, ಎಚ್ಚರಗೊಳ್ಳಬೇಕಾದ ಕಾಲ ಬಂದಿತೆಂದು ತಿಳಿಯತಕ್ಕದ್ದು.

ಮಕ್ಕಳ ವಿಷಯದಲ್ಲಿ ನಿಯಮವನ್ನು ಹಿರಿಯರೇ ಇಡಬೇಕಾಗುತ್ತದೆ, ಅದು ಅನಿವಾರ್ಯ. ಎಳೆಯ ಸಸಿಗೆ ಬೇಲಿ ಬೇಡವೆನ್ನುವ ತೋಟಗಾರನಿಲ್ಲ. ಆದರೆ ಬೇಲಿಯನ್ನು ಹಾಕುವುದು ಸಸಿಯು ಮರವಾಗಲೆಂದು. ಮರವಾದ ಮೇಲೂ ತನ್ನ ಕಾಂಡಕ್ಕೆ ಬಿಗಿದಿರುವ ಬೇಲಿಯು ಮರವನ್ನು ಕೊಯ್ಯುತ್ತದೆ. ಜೋನಸನ ಊರಿನಲ್ಲಿ ಹನ್ನೆರಡನೆಯ ವರ್ಷಕ್ಕೆ ಗೊತ್ತಾದುದು ಸಾಯುವವರೆಗೆ ಗೊತ್ತಾದದ್ದೇ. ವಿದ್ಯಾರ್ಥಿನಿಲಯದ ನಿಯಮಕ್ಕಾದರೋ ಒಂದು ಅವಧಿಯುಂಟು. ತಾನಾಗಿ ಯೋಚಿಸಿ ತಾನಾಗಿ ನಡೆಯಬಲ್ಲ ಮನುಷ್ಯನನ್ನು ಲೋಕಕ್ಕೆ ಕೊಟ್ಟು ಅದು ಹಿಂದೆ ಸರಿಯಬೇಕು.

ಈ ಮಾತನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ. ಎಸ್.ಎಸ್.ಎಲ್.ಸಿ. ಫಲಿತಾಂಶವು ಬಂದ ದಿನವೇ ಹುಡುಗನು ಏನಾಗಬೇಕೆಂಬುದನ್ನು ಅವನಿಲ್ಲದ ಕೋಣೆಯಲ್ಲಿ ನಿಶ್ಚಯಿಸುವ ಕುಟುಂಬಗಳು ಇಲ್ಲವೇ? ಲೌರಿಯ ಹಿರಿಯರ ಸಮಿತಿಯಾದರೂ ನಿರ್ಣಯಕ್ಕೆ ಮುಂಚೆ ಮಗುವಿನ ಒಲವನ್ನು ಬಹುಕಾಲ ಸೂಕ್ಷ್ಮವಾಗಿ ನಿರೀಕ್ಷಿಸುತ್ತಿತ್ತು. ನಾವು ಅಷ್ಟನ್ನೂ ಮಾಡುವುದಿಲ್ಲ. ಇನ್ನೊಂದು ಮಾತು, ಮಾತೆಯರ ಸಮ್ಮುಖದಲ್ಲಿ ಹೇಳಲೇಬೇಕಾದುದು. ‘ಹೊಂದಿಕೊಂಡು ಹೋಗು’, ‘ಮನೆಯ ಶಾಂತಿಗೋಸ್ಕರ ಸುಮ್ಮನಿರು’ ಎಂಬ ಬುದ್ಧಿವಾದವನ್ನು ನಾವೆಲ್ಲರೂ ಕೇಳಿದ್ದೇವೆ. ಅದನ್ನು ಯಾರಿಗೆ ಹೇಳುತ್ತೇವೆ? ಒಮ್ಮೆ ಅವನಿಗೆ, ಒಮ್ಮೆ ಇವಳಿಗೆ, ಸರದಿಯಂತೆ ಹೇಳಿದರೆ ಅದು ನಿಜವಾಗಿಯೂ ಹೊಂದಾಣಿಕೆ. ವರ್ಷವೆಲ್ಲ ಒಬ್ಬಳಿಗೇ, ಬಂದ ಸೊಸೆಗೇ, ಹೇಳುತ್ತಿದ್ದರೆ, ಆ ಮನೆಯ ನೆಮ್ಮದಿಯು ಒಬ್ಬಳ ಎದೆಯ ಮೇಲೆ ನಿಂತಿರುತ್ತದೆ. ಮನೆಯವರೆಲ್ಲ ನಗುತ್ತಿರುವರು, ನೋವಿನ ನೆನಪನ್ನೆಲ್ಲ ಒಬ್ಬಳೇ ಹೊತ್ತಿರುವಳು. ಅವಳು ತಾಳಲಾರದೆ ಬಿದ್ದ ದಿನ ಮನೆಯು ತಲ್ಲಣಿಸುತ್ತದೆ. ಆಗಲೂ ಅವಳ ಹೆಸರನ್ನೆತ್ತಬಾರದೆಂದು ನಿಯಮ ಮಾಡುವವರುಂಟು. ಇಂಥ ಏರ್ಪಾಡನ್ನು ನೋಡಲು ಕಲ್ಪಿತರಾಜ್ಯಕ್ಕೆ ಹೋಗಬೇಕಾಗಿಲ್ಲ.

ಊರಿಗೂ ಇದೇ ಮಾತು. ನಮ್ಮ ಊರಿನಲ್ಲಿ ಎಲ್ಲರೂ ಒಂದಾಗಿದ್ದೇವೆ, ಯಾವ ತಂಟೆಯೂ ಇಲ್ಲವೆಂದು ಹಿರಿಯರು ಹೆಮ್ಮೆಯಿಂದ ಹೇಳಿದಾಗ, ಊರ ಕಡೆಯ ಕೇರಿಯ ಮನೆಯಲ್ಲಿ ಅದೇ ಮಾತನ್ನು ಹೇಳುತ್ತಾರೆಯೇ ಎಂದು ವಿಚಾರಿಸಬೇಕು. ಅಲ್ಲಿಯೂ ಹೌದೆಂದರೆ ಅದು ಸಾಮರಸ್ಯ. ಅಲ್ಲಿ ಉತ್ತರವೇ ಬಾರದಿದ್ದರೆ ಅದು ಎಣಿಕೆಗೆ ಬಾರದ ಕೈಗಳ ಒಮ್ಮತ.

ಸಾಮರಸ್ಯವೆಂಬ ಪದವನ್ನೇ ನೋಡಿರಿ. ಅದರಲ್ಲಿ ರಸವುಂಟು. ಒಂದೇ ತಂತಿಯನ್ನು ಒಂದೇ ಸ್ವರದಲ್ಲಿ ಮೀಟುತ್ತಿದ್ದರೆ ಅಪಸ್ವರವೆಂಬುದು ಎಂದಿಗೂ ಹುಟ್ಟದು. ಆದರೆ ಅದನ್ನು ಸಂಗೀತವೆಂದು ಯಾರೂ ಕರೆಯರು. ವೀಣೆಯ ತಂತಿಗಳು ಬೇರೆ ಬೇರೆ ದಪ್ಪದವು, ಬೇರೆ ಬೇರೆ ಬಿಗಿಯವು. ಪ್ರತಿಯೊಂದನ್ನೂ ಶ್ರುತಿಗೆ ತರಲು ವೈಣಿಕನು ಪ್ರತಿದಿನವೂ ಕಿವಿಗೊಟ್ಟು ಶ್ರಮಿಸಬೇಕು. ಏಕರೂಪತೆಗೆ ಈ ಶ್ರಮವಿಲ್ಲ, ಅದು ಸುಲಭ. ಐದು ಬೆರಳನ್ನು ಸಮಮಾಡಲು ಕತ್ತಿಯೊಂದಿದ್ದರೆ ಸಾಕು. ಅಸಮವಾದ ಬೆರಳುಗಳಿಂದಲೇ ಮುಷ್ಟಿ ಹಿಡಿಯುವುದನ್ನು ಕಲಿಯಲು ಕಾಲ ಬೇಕು, ತಾಳ್ಮೆ ಬೇಕು, ಆಗಾಗ ಜಗಳವನ್ನೂ ಸಹಿಸಬೇಕು.

ಆದುದರಿಂದ ಯಾರಾದರೂ ನಮ್ಮ ಬಳಿಗೆ ಬಂದು, ಅವರು ರಾಜ್ಯದವರಾಗಲಿ, ಪಕ್ಷದವರಾಗಲಿ, ಜಾತಿಯ ಮುಖಂಡರಾಗಲಿ, ಕೈಯಲ್ಲಿ ಹಿಡಿದ ಯಂತ್ರದ ಮೂಲಕ ನಮ್ಮ ಇಷ್ಟಾನಿಷ್ಟಗಳನ್ನು ನಮಗಿಂತ ಮೊದಲೇ ಅರಿತು ಬಡಿಸುವ ವ್ಯಾಪಾರಿಗಳಾಗಲಿ, ‘ನಿಮ್ಮ ಆಯ್ಕೆಯ ಭಾರವನ್ನು ನಮಗೆ ಕೊಡಿರಿ, ನಿಮಗೆ ನೆಮ್ಮದಿಯನ್ನು ಕೊಡುವೆವು’ ಎಂದಾಗ, ಮೂರು ಪ್ರಶ್ನೆಗಳನ್ನು ಕೇಳಿರಿ. ನಾವು ಕೊಟ್ಟ ಆಯ್ಕೆಯು ಯಾರ ಕೈಯಲ್ಲಿರುವುದು? ನಾವು ತಪ್ಪಿಸಿಕೊಂಡ ನೋವು ಯಾರ ಮೈಮೇಲೆ ಬೀಳುವುದು? ನಾಳೆ ಬೇಡವೆನಿಸಿದರೆ ಹೊರಹೋಗುವ ಬಾಗಿಲು ಎಲ್ಲಿ? ಈ ಮೂರಕ್ಕೂ ನೇರವಾದ ಉತ್ತರ ಬಂದರೆ ಆಲೋಚಿಸಬಹುದು. ಉತ್ತರಕ್ಕೆ ಬದಲಾಗಿ ಗುಳಿಗೆಯೋ ಗದರಿಕೆಯೋ ಬಂದರೆ ವ್ಯಾಪಾರವನ್ನು ಅಲ್ಲಿಗೇ ನಿಲ್ಲಿಸಿರಿ.

ಜೋನಸನು ಕಡೆಗೆ, ಬಿಡುಗಡೆಗೆ ಗುರಿಯಾಗಲಿದ್ದ ಮತ್ತೊಂದು ಕೂಸನ್ನು ಎತ್ತಿಕೊಂಡು, ಸೈಕಲ್ಲನ್ನೇರಿ ಊರನ್ನು ಬಿಟ್ಟುಹೋಗುತ್ತಾನೆ. ಅವನು ದೂರ ಹೋದಂತೆಲ್ಲ, ಅವನು ಹೊತ್ತಿದ್ದ ನೆನಪುಗಳು ಊರಿನ ಜನರಿಗೆ ತಿರುಗಿ ಬರುವುವು, ಅವರು ನೋಯುವರು. ವೃದ್ಧನು ಅವನೊಡನೆ ಹೋಗದೆ ಊರಿನಲ್ಲಿಯೇ ನಿಲ್ಲುತ್ತಾನೆ. ಏಕೆಂದರೆ ಮೊದಲ ಬಾರಿಗೆ ನೋಯುತ್ತಿರುವ ಜನರಿಗೆ, ಆ ನೋವನ್ನು ಹೇಗೆ ಹೊರಬೇಕೆಂದು ಕಲಿಸುವವನೊಬ್ಬನು ಬೇಕು. ಹೊರಟ ಬಾಲಕನ ಧೈರ್ಯವನ್ನು ಎಲ್ಲರೂ ಮೆಚ್ಚುವರು. ನಿಂತ ವೃದ್ಧನ ಕೆಲಸವನ್ನು ನಾನು ಅದಕ್ಕಿಂತ ಕಡಿಮೆಯೆಂದು ಎಣಿಸುವುದಿಲ್ಲ. ಆಯ್ಕೆಯನ್ನು ಜನರ ಕೈಗೆ ಹಿಂದಿರುಗಿಸಿ, ‘ಇನ್ನು ನಿಮ್ಮ ಪಾಡು’ ಎಂದು ಹೊರಟುಹೋಗುವುದು ಹಿರಿಯರ ಲಕ್ಷಣವಲ್ಲ. ಕೊಟ್ಟ ಮೇಲೆ ಹತ್ತಿರ ನಿಂತು, ತಪ್ಪಿದಾಗ ಕೈಹಿಡಿದು, ಮತ್ತೆ ಬಿಡಬೇಕು. ಮನೆಯಲ್ಲಿ ತಂದೆತಾಯಿಗಳಿಗೂ, ಶಾಲೆಯಲ್ಲಿ ಉಪಾಧ್ಯಾಯರಿಗೂ, ಸಂಸ್ಥೆಗಳಲ್ಲಿ ಅಧಿಕಾರಸ್ಥರಿಗೂ ಇದಕ್ಕಿಂತ ಹಿರಿದಾದ ಕರ್ತವ್ಯವು ನನಗೆ ತೋರುವುದಿಲ್ಲ.